ಕೆಂಪಿಯ ಹಿಂದಿನ ಹಲಗೆ

ಕೆಂಪಿ ಮನೆಗೆ ಬಂದ ದಿನ ಅಮ್ಮ ಬಾಣಲೆಯಲ್ಲಿದ್ದ ಮೀನನ್ನು ಅರ್ಧಕ್ಕೇ ಬಿಟ್ಟು ಹೊರಗೆ ಓಡಿದಳು. ಸಂತೋಷಕ್ಕಲ್ಲ, ಟ್ರೇಲರ್ ಬಂದು ಗೇಟಿನ ಕಂಬಕ್ಕೆ ಗುದ್ದಿದ ಸದ್ದಿಗೆ. ಬೀದಿಯ ನಾಯಿಗಳೆಲ್ಲ ಬೊಗಳುತ್ತಿದ್ದವು, ಮಗ "ಮುಂದೆ ತಗೋ, ಮುಂದೆ ತಗೋ" ಎಂದು ಡ್ರೈವರಿಗೆ ಕೂಗುತ್ತಿದ್ದ. ಕಂಬದ ಪಕ್ಕದಲ್ಲೇ ನಿಂತಿದ್ದ ಅವಳ ಗಂಡ ಮೇಸ್ತ್ರಿ ಮಾತ್ರ ಅಲ್ಲಾಡಲಿಲ್ಲ. ಅವನ ಕಣ್ಣೆಲ್ಲ ದೋಣಿಯ ಮೇಲಿತ್ತು.

"ನೋಡಿ ಅತ್ತೆ, ಮಾವ ಹೇಗೆ ಮೈಮರೆತಿದ್ದಾರೆ," ಎಂದಳು ಸೊಸೆ ನಗುತ್ತ.

"ಹೂಂ, ಮೈಮರೆತಿದ್ದಾರೆ," ಎಂದಳು ಅಮ್ಮ. ನಿಜ ಗೊತ್ತಿದ್ದದ್ದು ಅವಳೊಬ್ಬಳಿಗೇ.

ಕೆಂಪಿ ಎಂದರೆ ಹಸುವೇನಲ್ಲ, ಓಟದ ದೋಣಿ. ಮೂವತ್ತೈದು ವರ್ಷದ ಹಿಂದೆ ದೋಣಿ ಕಟ್ಟುವ ಅಂಗಳದಲ್ಲಿ ಕೆಲಸಕ್ಕಿದ್ದಾಗ ಮೇಸ್ತ್ರಿ ತನ್ನ ಕೈಯಾರೆ ಕಟ್ಟಿದ್ದು. ಮೀನಿನ ಹಾಗೆ ಸಪೂರ ಮೈ, ಎರಡೇ ಸೀಟು, ಹಿಂದೆ ದೊಡ್ಡ ಇಂಜಿನ್. ಮೂರು ವರ್ಷ ಅದನ್ನು ಹಿಂದೆ ಹಾಕುವ ದೋಣಿ ಬಂದರಿನಲ್ಲಿ ಇರಲಿಲ್ಲ. ಆಮೇಲೆ ಕೈಯಿಂದ ಕೈಗೆ ಹೋಗಿ, ಇಂಜಿನ್ ಕಳಚಿಕೊಂಡು, ಯಾರದೋ ಹಿತ್ತಲಲ್ಲಿ ಕೋಳಿ ಮೊಟ್ಟೆಯಿಡುವ ಜಾಗವಾಗಿತ್ತು. ಲಾಂಚ್ ಓಡಿಸುವ ಮಗ ಅದನ್ನು ಪತ್ತೆ ಹಚ್ಚಿ ತಂದಿದ್ದ. ಎಂಟು ವಾರಕ್ಕೆ ಸರಿಯಾಗಿ ಬಂದರಿನಲ್ಲಿ ಹಳೆಯ ದೋಣಿಗಳ ಓಟ. ಅಪ್ಪ ಕಟ್ಟಿದ ದೋಣಿಯನ್ನು ತಾನು ಓಡಿಸಬೇಕು ಅನ್ನುವುದು ಅವನ ಹಟ.

ಇನ್ನು ಮೇಸ್ತ್ರಿಯ ವಿಷಯ. ಬಂದರಿನವರು ಅವನಿಗೆ ಇಟ್ಟ ಹೆಸರು ಕಿವಿ ಮೇಸ್ತ್ರಿ. ದೋಣಿಯ ಮೈಯನ್ನು ಅವನು ಪುಟ್ಟ ಸುತ್ತಿಗೆಯಿಂದ ತಟ್ಟುತ್ತಾ ಹೋಗುತ್ತಿದ್ದ. ಒಳಗಿನ ಮರ ಗಟ್ಟಿಯಾಗಿದ್ದರೆ 'ಟಕ್' ಅನ್ನುತ್ತದೆ, ನೀರು ಕುಡಿದು ಕೊಳೆತಿದ್ದರೆ 'ದೊಪ್' ಅನ್ನುತ್ತದೆ. ಹೊರಗಿನ ಫೈಬರ್ ಎಷ್ಟೇ ಮಿರಮಿರ ಮಿಂಚಲಿ, ಕಿವಿ ಮೇಸ್ತ್ರಿ ಒಮ್ಮೆ ತಟ್ಟಿ "ಗಟ್ಟಿ" ಅಂದರೆ ಮುಗಿಯಿತು, ಮೀನುಗಾರರು ಎದುರು ಮಾತಿಲ್ಲದೆ ದೋಣಿ ನೀರಿಗಿಳಿಸುತ್ತಿದ್ದರು.

ಆ ಕಿವಿ ಹೋಗಿ ಮೂರು ವರ್ಷವಾಗಿತ್ತು. ಮೊದಲು ಬಲದ್ದು, ಆಮೇಲೆ ಎಡದ್ದು. ಮೂವತ್ತು ವರ್ಷ ಇಂಜಿನ್ನುಗಳ ಪಕ್ಕದಲ್ಲಿ ನಿಂತವನಿಗೆ ಇದೇನು ಆಶ್ಚರ್ಯವಲ್ಲ. ಆಶ್ಚರ್ಯವೆಂದರೆ ಅದು ಯಾರಿಗೂ ತಿಳಿಯದೆ ಹೋದದ್ದು. ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದ. ಹಿಂದಿನಿಂದ ಕರೆದರೆ ತಿರುಗದಿದ್ದುದನ್ನು ಮಗ ಗರ್ವ ಅಂದುಕೊಂಡಿದ್ದ. ಉಳಿದದ್ದನ್ನು ಅಮ್ಮ ನೋಡಿಕೊಂಡಳು. ಶೆಡ್ಡಿಗೆ ದೋಣಿ ಬಂದರೆ ಟೀ ಲೋಟ ಹಿಡಿದುಕೊಂಡು ಅವಳೂ ಬರುತ್ತಿದ್ದಳು. ಅವನು ತಟ್ಟುತ್ತಿದ್ದ, ಅವಳ ಮುಖ ನೋಡುತ್ತಿದ್ದ. ಅವಳು ತಲೆಯಾಡಿಸಿದರೆ ಗಟ್ಟಿ. ಸುಮ್ಮನೆ ನಿಂತರೆ ಅಲ್ಲಿ ಸೀಮೆಸುಣ್ಣದ ಗುರುತು. ಮೂವತ್ತು ವರ್ಷ ಅಡುಗೆಮನೆಯಿಂದ ಅದೇ ಸುತ್ತಿಗೆಯ ಸದ್ದು ಕೇಳಿದವಳಿಗೆ ಟಕ್ ಯಾವುದು, ದೊಪ್ ಯಾವುದು ಎಂದು ಯಾರೂ ಕಲಿಸಬೇಕಾಗಿರಲಿಲ್ಲ. ಹೀಗೆ ಹದಿನೆಂಟು ದೋಣಿ ಪಾಸಾಗಿದ್ದವು. ಒಂದರ ಮೇಲೂ ದೂರು ಬಂದಿರಲಿಲ್ಲ. ಅಮ್ಮನಿಗೆ ಒಳಗೊಳಗೇ ಅದರ ಹೆಮ್ಮೆಯೂ ಇತ್ತು ಎಂದರೆ ಸುಳ್ಳಲ್ಲ.

ಮೊದಲ ಎರಡು ವಾರ ಮನೆಯೆಲ್ಲ ಧೂಳು. ಹಳೆಯ ಬಣ್ಣ ತಿಕ್ಕಿ ತಿಕ್ಕಿ ಮಗನ ಹುಬ್ಬು ಕೂಡ ಕೆಂಪಾಯಿತು. ಸೊಸೆ ಜೆಟ್ಟಿಯಲ್ಲಿ ಟಿಕೆಟ್ ಕೊಡುವ ಕೆಲಸ ಮುಗಿಸಿ ಬಂದು ಮೂಗು ಮುರಿಯುತ್ತಿದ್ದಳು.

"ಒಗೆದ ಬಟ್ಟೆ ಮೇಲೆಲ್ಲ ಧೂಳು. ಇದೇನು ಮನೆಯೋ, ಗಾರೆ ಕೆಲಸದ ಜಾಗವೋ?"

"ಓಟದ ದಿನ ಪಕ್ಕದ ಸೀಟಿನಲ್ಲಿ ನೀನೇ ಕೂರೋದು. ಆಗ ಹೇಳು," ಎಂದ ಮಗ.

"ನಾನಾ? ನನಗೇನು ತಲೆ ಕೆಟ್ಟಿದೆಯಾ?"

ಹಾಗೆಂದವಳು ಮೂರನೇ ವಾರದ ಹೊತ್ತಿಗೆ ತಾನೇ ಉಪ್ಪುಕಾಗದ ಹಿಡಿದು ಸೀಟಿನ ಮರ ಉಜ್ಜುತ್ತಿದ್ದಳು. ಪಕ್ಕದ ಸೀಟಿನವರು ಏನೇನು ಮಾಡಬೇಕು, ತಿರುವಿನಲ್ಲಿ ಎತ್ತ ವಾಲಬೇಕು ಎಂದು ಊಟದ ನಡುವೆ ಕೇಳಿ ಕೇಳಿ ಗಂಡನ ಪ್ರಾಣ ತಿನ್ನುತ್ತಿದ್ದಳು.

ಅದೇ ವಾರ ಜಗಳವಾಯಿತು. ಅಮ್ಮ ಸ್ನಾನಕ್ಕೆ ಹೋಗಿದ್ದಾಗ ಅವಳ ಫೋನು ಮೇಜಿನ ಮೇಲೆ ಗುರುಗುಟ್ಟಿತು. ಪರದೆಯ ಮೇಲೆ ಅವಳ ತಂಗಿಯ ಹೆಸರು. ಸೊಸೆ ಎದುರಿಗೇ ನಿಂತಿದ್ದಳು. ಎತ್ತದಿದ್ದರೆ ಏನೆಂದುಕೊಳ್ಳುತ್ತಾಳೋ ಎಂದು ಮೇಸ್ತ್ರಿ ಎತ್ತಿದ. "ಹೂಂ, ಹೂಂ, ಆಯ್ತಮ್ಮ, ಹೇಳ್ತೀನಿ," ಎಂದು ಇಟ್ಟ. ಅಮ್ಮ ಬಂದು ಕೇಳಿದಾಗ "ಏನಿಲ್ಲ, ಸುಮ್ಮನೆ ಮಾಡಿದ್ಲು, ಕ್ಷೇಮವಂತೆ," ಅಂದ.

ತಂಗಿಗೆ ಮರುದಿನವೇ ಹೊಟ್ಟೆಯ ಆಪರೇಷನ್ ಇತ್ತು. ಅಕ್ಕ ಬರಲಿಲ್ಲ, ಒಂದು ಮಾತೂ ಕೇಳಲಿಲ್ಲ ಎಂದು ಅವಳು ಆಸ್ಪತ್ರೆಯ ಹಾಸಿಗೆಯಲ್ಲಿ ಅತ್ತಳಂತೆ. ಆ ಸುದ್ದಿ ಮೂರು ದಿನ ಕಳೆದ ಮೇಲೆ ಯಾರದೋ ಬಾಯಿಂದ ಅಮ್ಮನಿಗೆ ಮುಟ್ಟಿತು.

"ಕೇಳಿಸದಿದ್ರೆ ಕೇಳಿಸಲ್ಲ ಅನ್ನಬೇಕಿತ್ತು!" ಅಮ್ಮ ಶೆಡ್ಡಿನ ಬಾಗಿಲು ಹಾಕಿಕೊಂಡು ಅವನ ಮುಖಕ್ಕೆ ಮುಖವಿಟ್ಟು ಹೇಳಿದಳು. "ಕಿವಿಗೆ ಮಷೀನು ಹಾಕಿಸ್ಕೊಳ್ಳಿ ಅಂತ ಎಷ್ಟು ಸಲ ಬಡ್ಕೊಂಡೆ?"

"ಮಷೀನು ಸಿಗಿಸ್ಕೊಂಡು ಓಡಾಡೋನಿಗೆ ಯಾರು ದೋಣಿ ತೋರಿಸ್ತಾರೆ?"

"ಹಾಗಾದ್ರೆ ನನ್ನ ತಂಗಿ ಸತ್ತಿದ್ರೂ ಕ್ಷೇಮವಂತೆ ಅಂತಿದ್ರಿ."

ಮೇಸ್ತ್ರಿ ಮುಖ ತಿರುಗಿಸಿಕೊಂಡ. ಕಿವಿ ಕೇಳದವನು ಮುಖ ತಿರುಗಿಸಿದರೆ ಜಗಳ ಅಲ್ಲಿಗೇ ನಿಂತಂತೆ. ಎದುರಿನವಳ ಮಾತೆಲ್ಲ ಅವಳ ಹೊಟ್ಟೆಯಲ್ಲೇ ಉಳಿಯುತ್ತದೆ. ಅಮ್ಮ ನಾಲ್ಕು ದಿನ ಅವನ ಜೊತೆ ಮಾತು ಬಿಟ್ಟಳು. ತಟ್ಟೆಯನ್ನು ಮೇಜಿನ ಮೇಲೆ ಕುಕ್ಕುತ್ತಿದ್ದಳು. ಆ ಸದ್ದೂ ಅವನಿಗೆ ಕೇಳುತ್ತಿರಲಿಲ್ಲವಲ್ಲ ಎಂಬ ಸಿಟ್ಟು ಬೇರೆ.

ಹಿಂದಿನ ಹಲಗೆಯ ಸರದಿ ಬಂದದ್ದು ಆ ನಾಲ್ಕನೆಯ ದಿನ.

ಹಿಂದಿನ ಹಲಗೆ ಎಂದರೆ ಇಂಜಿನ್ ಬೋಲ್ಟು ಹಾಕಿ ಕೂರಿಸುವ ಜಾಗ. ಎರಡು ಪದರ ಫೈಬರಿನ ನಡುವೆ ದಪ್ಪ ಪ್ಲೈವುಡ್. ಮಗ ತಂದಿದ್ದ ಇಂಜಿನ್ ಹಳೆಯದಕ್ಕಿಂತ ಒಂದೂವರೆ ಪಟ್ಟು ಭಾರ.

"ಅಪ್ಪ, ಒಂದು ಸಣ್ಣ ತೂತು ಕೊರೆದು ಒಳಗಿನ ಮರ ನೋಡೋಣ. ಇಲ್ಲಾಂದ್ರೆ ತೇವ ನೋಡೋ ಮೀಟರ್ ಇಟ್ಟು ನೋಡೋಣ, ನನ್ನ ಫ್ರೆಂಡ್ ಹತ್ರ ಇದೆ," ಎಂದ ಮಗ.

"ನನ್ನ ಕಿವಿ ಏನು ಕತ್ತೆ ಕಾಯೋಕೆ ಹೋಗಿದೆಯಾ?" ಎಂದ ಮೇಸ್ತ್ರಿ. "ಇವಳೇ, ಟೀ ತಗೊಂಡು ಬಾ."

ಅಮ್ಮ ಟೀ ತಂದಳು. ಅವನು ತಟ್ಟುತ್ತಾ ಹೋದ, ಮುಖ ನೋಡುತ್ತಾ ಹೋದ. ಅವಳು ತಲೆಯಾಡಿಸುತ್ತಾ ಹೋದಳು. ಕಣ್ಣು ಹಲಗೆಯ ಮೇಲಿತ್ತು, ಮನಸ್ಸು ಆಸ್ಪತ್ರೆಯ ಹಾಸಿಗೆಯ ಹತ್ತಿರ. ಬೇಗ ಮುಗಿಯಲಿ, ಈ ಮನುಷ್ಯನ ಮುಖ ಎದುರಿನಿಂದ ತೊಲಗಲಿ ಅನ್ನುವುದೊಂದೇ. ನಲವತ್ತು ಕಡೆ ತಟ್ಟಿದ, ನಲವತ್ತು ಸಲ ತಲೆಯಾಡಿತು.

"ಗಟ್ಟಿ," ಎಂದ ಮೇಸ್ತ್ರಿ.

ಮುಂದಿನ ವಾರಗಳು ಸರಸರ ಸರಿದವು. ತಂಗಿ ಚೇತರಿಸಿಕೊಂಡಳು, ಅಮ್ಮ ಹೋಗಿ ಎರಡು ದಿನ ಇದ್ದು ಅತ್ತು ಬಂದಳು. ಗಂಡ ಹೆಂಡತಿಯ ಮಾತು ತಂತಾನೇ ಶುರುವಾಯಿತು. ಕೆಂಪಿಗೆ ಮೂರು ಸಲ ಬಣ್ಣ ಬಿತ್ತು. ಹಳೆಯ ಬೋಲ್ಟು ತೂತುಗಳಲ್ಲೇ ಇಂಜಿನ್ ಕೂತಿತು. ದಾರಿಯಲ್ಲಿ ಹೋಗುವವರು ಗೇಟಿನ ಬಳಿ ನಿಂತು ಇಣುಕುತ್ತಿದ್ದರು. ಮೇಸ್ತ್ರಿಯ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ಓಟಕ್ಕೆ ಐದು ದಿನ ಇತ್ತು. ಮಂಗಳವಾರ ಅಡುಗೆಯ ನಡುವೆ ಶೆಡ್ಡಿನಿಂದ ಬಕೆಟ್ ತರಲು ಹೋದ ಅಮ್ಮನ ಕೈಯಲ್ಲಿ ಮರದ ಸೌಟು ಇತ್ತು. ಕೆಂಪಿಯ ಹಿಂದಿನ ಹಲಗೆಯ ಮೇಲೆ ನೊಣ ಕೂತಿದ್ದು ಕಂಡು ಸುಮ್ಮನೆ ಸೌಟಿನಿಂದ ಹೊಡೆದಳು.

ದೊಪ್.

ಒಂದು ಗೇಣು ಆಚೆ ತಟ್ಟಿದಳು. ಟಕ್. ಕೆಳಗೆ ತಟ್ಟಿದಳು. ದೊಪ್. ಬಲಗಡೆ ಕೆಳಗೆ, ಇಂಜಿನ್ನಿನ ಎರಡು ಬೋಲ್ಟುಗಳ ಸುತ್ತ, ಊಟದ ತಟ್ಟೆಯಷ್ಟು ಜಾಗವೆಲ್ಲ ದೊಪ್ ದೊಪ್. ಮೇಲೆ ಮುಖ ಕಾಣುವಷ್ಟು ಹೊಳೆಯುವ ಬಣ್ಣ. ಆ ದಿನ ಇಲ್ಲಿ ತಟ್ಟಿದಾಗ ಏನು ಕೇಳಿಸಿತ್ತು ಎಂದು ನೆನಪಿಸಿಕೊಳ್ಳಲು ನೋಡಿದಳು. ಒಂದು ಸದ್ದೂ ನೆನಪಾಗಲಿಲ್ಲ. ಸಿಟ್ಟು ಮಾತ್ರ ನೆನಪಿತ್ತು.

ಆ ಮಧ್ಯಾಹ್ನ ನಾಲ್ಕೂ ಜನ ಊಟಕ್ಕೆ ಕೂತಿದ್ದರು. ಗಂಡನಿಗೆ ಗುಟ್ಟು ಹೇಳಲು ಅಮ್ಮನಿಗೆ ಬೇರೆ ಕೋಣೆ ಬೇಕಿರಲಿಲ್ಲ. ದನಿ ತೆಗೆಯದೆ ಬರೀ ತುಟಿಯಾಡಿಸಿದರೆ ಸಾಕಿತ್ತು. ಬಡಿಸುವ ನೆವದಲ್ಲಿ ಮಗನ ಹಿಂದೆ ನಿಂತು ತುಟಿಯಲ್ಲೇ ಹೇಳಿದಳು. 'ಹಿಂದಿನ ಹಲಗೆ ಕೊಳೆತಿದೆ.'

ಮೇಸ್ತ್ರಿಯ ಕೈಯ ತುತ್ತು ನಿಂತಿತು. ಬೇಡ ಎನ್ನುವಂತೆ ತಲೆಯಾಡಿಸಿದ.

"ಫುಲ್ ಸ್ಪೀಡಲ್ಲಿ ಅಷ್ಟೂ ತಳ್ಳೋದು ಹಿಂದಿನ ಹಲಗೆ ಮೇಲೆ," ಮಗ ಹೆಂಡತಿಗೆ ಹೇಳುತ್ತಿದ್ದ. "ಅದೇನಾದ್ರೂ ಕೈ ಕೊಟ್ರೆ ಇಂಜಿನ್ ಕಿತ್ಕೊಂಡು ಹೋಗುತ್ತೆ, ನಾವಿಬ್ರೂ ಗಾಳಿಯಲ್ಲಿ."

"ಥೂ, ಊಟದ ಹೊತ್ತಲ್ಲಿ ಎಂಥ ಮಾತು!"

"ಅಪ್ಪ ನೋಡಿದ್ದಾರೆ ಬಿಡೆ."

'ಆ ದಿನ ನಾನು ಕೇಳಿಸ್ಕೊಳ್ಳಲಿಲ್ಲ,' ಅಮ್ಮನ ತುಟಿ ಹೇಳಿತು. 'ಸಿಟ್ಟಲ್ಲಿದ್ದೆ.'

ಮೇಸ್ತ್ರಿ ತಟ್ಟೆ ನೋಡತೊಡಗಿದ. ತಟ್ಟೆ ನೋಡಿದರೆ ಮಾತು ಮುಗಿಯಿತು ಎಂದರ್ಥ.

"ಏನತ್ತೆ, ಏನಾದ್ರೂ ಅಂದ್ರಾ?" ಸೊಸೆ ತಲೆಯೆತ್ತಿದಳು.

"ಇಲ್ಲಮ್ಮ, ಇನ್ನೊಂದು ಮೀನು ಹಾಕ್ಲಾ ಅಂದೆ."

ಸೊಸೆ ಮಾವನನ್ನು ನೋಡಿದಳು, ಅತ್ತೆಯನ್ನು ನೋಡಿದಳು, ಊಟ ಮುಂದುವರಿಸಿದಳು.

ಮಗ ಕೆಲಸಕ್ಕೆ ಹೊರಟ ಮೇಲೆ ಮೇಸ್ತ್ರಿ ಶೆಡ್ಡಿಗೆ ಹೋಗಿ ಹಲಗೆಯ ಮೇಲೆ ಅಂಗೈಯಿಟ್ಟು ತಟ್ಟಿದ. ಹಣೆಯಿಟ್ಟು ತಟ್ಟಿದ. ಕಣ್ಣು ಮುಚ್ಚಿಕೊಂಡು ಮತ್ತೊಮ್ಮೆ ತಟ್ಟಿದ.

"ಗಟ್ಟಿಯಿದೆ," ಎಂದ.

"ಇಲ್ಲರೀ," ಎಂದಳು ಎದುರಿಗೆ ಬಂದು ನಿಂತ ಅಮ್ಮ.

"ಕಟ್ಟಿದೋನು ನಾನು. ಕೈಗೆ ಗೊತ್ತಾಗಲ್ವಾ?"

"ಕೈಗೆ ಗೊತ್ತಾಗೋ ಹಾಗಿದ್ರೆ ಮೂರು ವರ್ಷ ನನ್ನನ್ನ ಯಾಕೆ ಪಕ್ಕದಲ್ಲಿ ನಿಲ್ಲಿಸ್ಕೊಂಡ್ರಿ? ಅವನಿಗೆ ಹೇಳೋಣ. ಈಗಲೂ ಹೊತ್ತು ಮೀರಿಲ್ಲ."

"ಏನಂತ ಹೇಳ್ತೀಯ? ಅಪ್ಪ ಕಿವುಡ, ಅಮ್ಮ ಸುಳ್ಳಿ ಅಂತಲಾ?" ಮೇಸ್ತ್ರಿ ಸುತ್ತಿಗೆ ಕೆಳಗಿಟ್ಟ. "ನಾಳೆಯಿಂದ ನಾನು ಮೂಲೆಯಲ್ಲಿ ಕೂತ್ಕೊಂಡು ಕೆಮ್ಮೋ ಮುದುಕ ಕಣೆ. ಗೇಟಿನ ಹತ್ರ ಯಾರೂ ನಿಲ್ಲಲ್ಲ. ಹೇಳ್ಬೇಡ. ನನ್ನಾಣೆ."

ಆಣೆ ಅಂದ ಮೇಲೆ ಅಮ್ಮನ ಬಾಯಿಗೆ ಬೀಗ ಬಿತ್ತು. ಬುಧವಾರ ಅನ್ನ ತಳ ಹಿಡಿಯಿತು. ಗುರುವಾರ ಒಂದೇ ಬಟ್ಟೆಯನ್ನು ಎರಡು ಸಲ ಒಗೆದಳು. ಶುಕ್ರವಾರ ಮಗನಿಗೆ "ಈ ಸಲ ಓಟ ಬೇಡ ಕಣೋ, ಕೆಟ್ಟ ಕನಸು ಬಿತ್ತು," ಅಂದಳು. ಅವನು ಅಮ್ಮನ ಗಲ್ಲ ಹಿಂಡಿ, "ಕನಸಲ್ಲಿ ನಾನು ಗೆದ್ನಾ ಇಲ್ವಾ ಅಷ್ಟು ಹೇಳು," ಎಂದು ನಕ್ಕು ಹೋದ. ಮೇಸ್ತ್ರಿಯೂ ನೆಟ್ಟಗಿರಲಿಲ್ಲ. ಬಾಲ ಸುಟ್ಟ ಬೆಕ್ಕಿನ ಹಾಗೆ ಶೆಡ್ಡು ಮನೆ, ಮನೆ ಶೆಡ್ಡು ಎಂದು ಸುತ್ತುತ್ತಿದ್ದ. ಹೆಂಡತಿ ಬಾಯಿ ತೆರೆದರೆ ಬೇರೆ ಕಡೆ ನೋಡುತ್ತಿದ್ದ.

ಶನಿವಾರ ಹತ್ತು ಗಂಟೆಗೆ ಮಗ ಟ್ರೇಲರಿಗೆ ಕೆಂಪಿಯನ್ನು ಕಟ್ಟಿದ. ನಾಳೆಯ ಓಟಕ್ಕೆ ಮೊದಲು ಒಮ್ಮೆ ಪೂರ್ತಿ ವೇಗದಲ್ಲಿ ಓಡಿಸಿ ನೋಡುವುದು ಎಂದು ನಿಶ್ಚಯವಾಗಿತ್ತು. ಸೊಸೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಹಾಕಿಕೊಂಡು ಬಂದು, "ಹೇಗಿದೆ ಅತ್ತೆ? ಕುಂಬಳಕಾಯಿ ಥರ ಕಾಣ್ತೀನಾ?" ಎಂದು ತಿರುಗಿ ತೋರಿಸಿದಳು. ಜಾಕೆಟ್ಟಿನ ಒಂದು ಪಟ್ಟಿ ಸಡಿಲವಿತ್ತು. ಅಮ್ಮ ಅದನ್ನು ಬಿಗಿ ಮಾಡಿದಳು, ಪಟ್ಟಿಯನ್ನು ಕೈ ಬಿಡಲಿಲ್ಲ.

"ಹೋಗ್ಬೇಡಿ," ಎಂದಳು.

"ಮತ್ತೆ ಶುರು ಮಾಡಿದ್ಯಾ?" ಎಂದ ಮಗ.

"ಹಿಂದಿನ ಹಲಗೆ ಕೊಳೆತಿದೆ."

"ಅಮ್ಮ, ಅಪ್ಪ ತಟ್ಟಿ ನೋಡಿದ್ದಾರೆ. ನಿನ್ನೆದುರಿಗೇ."

"ನಿಮ್ಮಪ್ಪನಿಗೆ ಕೇಳಿಸಲ್ಲ ಕಣೋ." ಮೂರು ವರ್ಷ ಗಂಟಲಲ್ಲಿ ಕೂತಿದ್ದ ಮಾತು ಇಷ್ಟು ಚಿಕ್ಕದಾ ಎಂದು ಅವಳಿಗೇ ಅನಿಸಿತು. "ಒಂದು ಚೂರೂ ಕೇಳಿಸಲ್ಲ."

ಮಗ ನಕ್ಕ. ಅಮ್ಮನ ಮುಖ ನೋಡಿ ನಗು ನಿಂತಿತು. ಮೇಸ್ತ್ರಿ ಹತ್ತು ಹೆಜ್ಜೆ ಆಚೆ ಬೆನ್ನು ತಿರುಗಿಸಿ ಕೂತು ಹಗ್ಗ ಸುತ್ತುತ್ತಿದ್ದ.

"ಅಪ್ಪಾ!"

ಅವನು ಹಗ್ಗ ಸುತ್ತಿದ.

"ಗರ್ವ ಅದು, ಯಾವಾಗ್ಲೂ ಹಾಗೇ," ಎಂದ ಮಗ. ಆದರೆ ಅವನ ಕೈ ಪಕ್ಕದಲ್ಲಿದ್ದ ಖಾಲಿ ಡ್ರಮ್ಮಿನ ಮುಚ್ಚಳ ಎತ್ತಿಕೊಂಡಿತ್ತು. ಎತ್ತಿ ಕಾಂಕ್ರೀಟಿನ ಮೇಲೆ ಬಡಿದ. ಮರದ ಮೇಲಿನ ಕಾಗೆಗಳೆಲ್ಲ ಹಾರಿದವು, ಸೊಸೆ ಕಿವಿ ಮುಚ್ಚಿಕೊಂಡು ಚೀರಿದಳು, ಎದುರು ಮನೆಯವರು ಕಿಟಕಿ ತೆರೆದರು. ಮೇಸ್ತ್ರಿ ಹಗ್ಗದ ತುದಿಯನ್ನು ಒಳಗೆ ಸಿಕ್ಕಿಸಿ, ಬಿಗಿಯಾಗಿದೆಯೇ ಎಂದು ಎಳೆದು ನೋಡಿ, ಪಕ್ಕಕ್ಕಿಟ್ಟ. ಇನ್ನೊಂದು ಹಗ್ಗ ತೆಗೆದುಕೊಂಡ.

"ಅಯ್ಯೋ ಮಾವ," ಎಂದಳು ಸೊಸೆ.

ಮಗ ಡ್ರಿಲ್ ಮಷೀನು ತಂದು ಅಮ್ಮ ಬೆರಳಿಟ್ಟು ತೋರಿಸಿದ ಕಡೆ ಕೊರೆದ. ಹೊಳೆಯುವ ಬಣ್ಣ, ಬಿಳಿ ಫೈಬರ್, ಆಮೇಲೆ ಮರದ ಪುಡಿಯ ಬದಲು ಕಂದು ಬಣ್ಣದ ಹಸಿ ಹಸಿ ಹಿಟ್ಟು. ತೂತಿನಿಂದ ನೀರು ಸಣ್ಣಗೆ ಇಳಿಯಿತು. ಅಷ್ಟರಲ್ಲಿ ಹಗ್ಗದ ಸುರುಳಿ ಹೆಗಲಿಗೆ ಹಾಕಿಕೊಂಡು ತಿರುಗಿದ ಮೇಸ್ತ್ರಿ ಅಲ್ಲೇ ನಿಂತ.

"ಎಷ್ಟು ವರ್ಷದಿಂದ?" ಮಗ ಕೂಗಿದ. ಆಮೇಲೆ ನೆನಪಾಗಿ ಅಪ್ಪನ ಎದುರಿಗೆ ಹೋಗಿ ನಿಂತು ಮತ್ತೆ ಕೂಗಿದ. "ಎಷ್ಟು ವರ್ಷದಿಂದ?"

"ಮೂರು," ಎಂದಳು ಅಮ್ಮ.

"ಎಷ್ಟು ದೋಣಿ?"

"ಹದಿನೆಂಟು. ಎಲ್ಲವನ್ನೂ ನಾನು ಕೇಳಿಸ್ಕೊಂಡಿದ್ದೀನಿ. ಇದೊಂದನ್ನ ಬಿಟ್ಟು."

"ಹೇಗೆ ನಂಬಲಿ ಅಮ್ಮ? ಇದನ್ನೂ ಕೇಳಿಸ್ಕೊಂಡೆ ಅಂತ ತಾನೇ ತಲೆ ಆಡಿಸಿದ್ದು? ಇವಳನ್ನ ಪಕ್ಕದಲ್ಲಿ ಕೂರಿಸ್ಕೊಂಡು ಹೋಗ್ತಿದ್ದೆ! ಎಷ್ಟು ದಿನದಿಂದ ಗೊತ್ತಿತ್ತು ನಿಮಗೆ?"

"ಮಂಗಳವಾರ ಗೊತ್ತಾಯ್ತು."

"ಮಂಗಳವಾರ ಮೀನು ಹಾಕ್ಲಾ ಅಂದ್ರಲ್ಲ," ಎಂದಳು ಸೊಸೆ ಮೆಲ್ಲಗೆ. ಆ ಮಾತು ಮಗನ ಕೂಗಾಟಕ್ಕಿಂತ ಹೆಚ್ಚು ಚುಚ್ಚಿತು. ಅವಳು ಜಾಕೆಟ್ ಬಿಚ್ಚಿ ಕೆಂಪಿಯ ಸೀಟಿನ ಮೇಲೆ ಹಾಕಿ ಒಳಗೆ ಹೋದಳು. ಮಗ ಅವಳ ಹಿಂದೆಯೇ ಹೋದ.

ಶೆಡ್ಡಿನ ಮುಂದೆ ಇಬ್ಬರೇ ಉಳಿದರು. ಮೇಸ್ತ್ರಿ ತೂತಿಗೆ ಬೆರಳು ಹಾಕಿ, ಹೊರಬಂದ ಹಸಿ ಮರವನ್ನು ಹೆಬ್ಬೆರಳಿನಲ್ಲಿ ಉಜ್ಜಿ ನೋಡಿದ.

"ಆಣೆ ಮುರಿದೆ," ಎಂದ.

"ಮುರಿದೆ."

"ಇಷ್ಟು ದಿನ ಯಾಕೆ ಕಾದೆ?"

ಅಮ್ಮ ತೂತಿನಿಂದ ಇಳಿದ ನೀರನ್ನು ಸೆರಗಿನಲ್ಲಿ ಒರೆಸಿದಳು. ಅವನು ಮತ್ತೆ ಕೇಳಿದ. "ಹದಿನೆಂಟರಲ್ಲಿ ಬೇರೆ ಯಾವುದಕ್ಕಾದ್ರೂ ಹೀಗೆ ಆಡಿಸಿದ್ದೀಯಾ? ನಿಜ ಹೇಳು."

"ಇಲ್ಲ," ಎಂದಳು. ಅವನ ಕಣ್ಣು ಅವಳ ತುಟಿಯ ಮೇಲೆಯೇ ಇತ್ತು. "ಇಲ್ಲ ಅಂದ್ಕೊಂಡಿದ್ದೀನಿ."

ಮರುದಿನ ಓಟ ಕೆಂಪಿಯಿಲ್ಲದೆ ನಡೆಯಿತು. ಇಂಜಿನ್ನುಗಳ ಆರ್ಭಟ ಬೀದಿಯವರೆಗೂ ಬರುತ್ತಿತ್ತು. ಮಗ ಬೆಳಿಗ್ಗೆಯಿಂದ ಕೋಣೆಯ ಬಾಗಿಲು ತೆರೆದಿರಲಿಲ್ಲ. ಸೊಸೆ ತಾನೇ ಟೀ ಮಾಡಿ ನಾಲ್ಕು ಲೋಟಕ್ಕೆ ಸುರಿದಳು, ಅತ್ತೆಯ ಮುಖ ನೋಡದೆ ಎರಡು ಲೋಟ ಅಲ್ಲೇ ಬಿಟ್ಟು ಹೋದಳು. ಮೇಸ್ತ್ರಿ ಟೀ ಕುಡಿದು, ಒಗೆದ ಅಂಗಿ ಹಾಕಿಕೊಂಡು, ಬಾಗಿಲಲ್ಲಿ ನಿಂತು "ಬಾ" ಎಂದ. ಎಲ್ಲಿಗೆ ಎಂದು ಅಮ್ಮ ಕೇಳಲಿಲ್ಲ.

ಮೀನುಗಾರರ ಜೆಟ್ಟಿಯಲ್ಲಿ ಆ ಹದಿನೆಂಟರಲ್ಲಿ ಮೊದಲ ದೋಣಿಯ ಯಜಮಾನ ಬಲೆ ಹರಡಿಕೊಂಡು ಕೂತಿದ್ದ. ಮೂರು ಮಕ್ಕಳ ತಂದೆ. "ಏನು ಮೇಸ್ತ್ರಿ, ಓಟ ನೋಡೋದು ಬಿಟ್ಟು ಇಲ್ಲಿ?" ಎಂದ.

"ನನಗೆ ಕಿವಿ ಕೇಳಿಸಲ್ಲ," ಎಂದ ಮೇಸ್ತ್ರಿ. ಎಷ್ಟು ಜೋರು ಎಂಬ ಅಳತೆ ಅವನಿಗೆ ಗೊತ್ತಾಗುತ್ತಿರಲಿಲ್ಲ. ಜೆಟ್ಟಿಯ ಆ ತುದಿಯವರೂ ತಿರುಗಿ ನೋಡಿದರು. "ಮೂರು ವರ್ಷ ಆಯ್ತು. ನಿನ್ನ ದೋಣಿ ಪಾಸು ಮಾಡಿದ್ದು ಇವಳ ಕಿವಿ. ನಮ್ಮನೆ ದೋಣಿಯಲ್ಲಿ ತಪ್ಪಾಯ್ತು. ನಿನ್ನದನ್ನ ಇನ್ನೊಂದ್ಸಲ ನೋಡ್ಬೇಕು."

ಯಜಮಾನ ಮೊದಲು ನಗಲು ಹೋದ, ನಗು ಬರಲಿಲ್ಲ. ಬಲೆಯನ್ನು ಪಕ್ಕಕ್ಕೆ ತಳ್ಳಿ ಎದ್ದ. ಮುಖ ಆಚೆಗೆ ತಿರುಗಿಸಿ, ಹಲ್ಲು ಕಚ್ಚಿ ಏನೋ ಹೇಳಿ ನೆಲಕ್ಕೆ ಉಗಿದ. ತುಟಿ ಕಾಣದೆ ಮೇಸ್ತ್ರಿಗೆ ಏನೂ ತಿಳಿಯಲಿಲ್ಲ. ಅವನು ಹೆಂಡತಿಯ ಕಡೆ ತಿರುಗಿದ.

"ಏನಂದ?"

ಸುತ್ತಲಿನವರೆಲ್ಲ ನೋಡುತ್ತಿದ್ದರು. ಬೇರೆ ದಿನವಾಗಿದ್ದರೆ, ಆಯ್ತು ನೋಡಿ ಅಂದ, ಎಂದು ಸಲೀಸಾಗಿ ಹೇಳಿಬಿಡುತ್ತಿದ್ದಳು. ಅಮ್ಮ ಅವನ ಎದುರಿಗೆ ಬಂದು ನಿಂತಳು.

"ನನ್ನ ಮಕ್ಕಳನ್ನ ಇದರಲ್ಲಿ ಕೂರಿಸ್ಕೊಂಡು ಹೋಗ್ತೀನಿ, ಗಂಡ ಹೆಂಡ್ತಿ ಸೇರ್ಕೊಂಡು ನಮ್ಮ ಜೀವದ ಜೊತೆ ಆಟ ಆಡಿದ್ರಿ, ಥೂ ನಿಮ್ಮ ಜನ್ಮಕ್ಕೆ ಅಂದ," ಎಂದಳು, ಒಂದಕ್ಷರ ಬಿಡದೆ.

ಮೇಸ್ತ್ರಿ ಆ ಮಾತು ಮುಗಿಯುವವರೆಗೂ ಅವಳ ತುಟಿಯಿಂದ ಕಣ್ಣು ತೆಗೆಯಲಿಲ್ಲ.

"ಸರಿಯಾಗೇ ಅಂದ," ಎಂದು ದೋಣಿಯ ಪಕ್ಕ ಮಂಡಿಯೂರಿ ಕೂತ. "ನಿಧಾನಕ್ಕೆ ತಟ್ತೀನಿ. ಕೇಳಿಸ್ಕೋ."